526 ಸಾವುಗಳ ಕಡತ ಬರೆದ ಕ್ರಿಸ್ಟಲ್ ಈಸ್ಟ್‌ಮನ್

ಕ್ರಿಸ್ಟಲ್ ಈಸ್ಟ್‌ಮನ್ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಅಮೆರಿಕದಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರ ಪಟ್ಟಿಯಲ್ಲಿ ಅವರ ಹೆಸರು ಬರುತ್ತದೆ. ಆದರೆ ನನಗೆ ಅವರು ಮುಖ್ಯವೆನಿಸಿದ್ದು ಬೇರೆ ಕೆಲಸಕ್ಕಾಗಿ. ಕೆಲಸದ ಜಾಗದಲ್ಲಿ ಒಬ್ಬನ ಕೈ ಹೋದರೆ, ಜೀವ ಹೋದರೆ ಅದರ ನಷ್ಟ ಯಾರು ಹೊರಬೇಕು ಎಂಬ ಪ್ರಶ್ನೆಯನ್ನು ಅವರು ಲೆಕ್ಕ ಹಾಕಿ ಕೇಳಿದರು.

ಅವರು ಹುಟ್ಟಿದ್ದು 1881ರ ಜೂನ್ 25ರಂದು, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ತಂದೆ ತಾಯಿ ಇಬ್ಬರೂ ಚರ್ಚಿನ ಬೋಧಕರು. ಆ ಕಾಲದಲ್ಲಿ ಹೆಂಗಸೊಬ್ಬರು ಬೋಧಕಿಯಾಗುವುದು ಅಪರೂಪ. ಚಿಕ್ಕಂದಿನಲ್ಲಿ ಬಂದ ಸ್ಕಾರ್ಲೆಟ್ ಜ್ವರಕ್ಕೆ ಅಣ್ಣ ತೀರಿಕೊಂಡ, ಕ್ರಿಸ್ಟಲ್ ಬದುಕಿ ಉಳಿದರು. ವಾಸರ್ ಕಾಲೇಜು, ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಓದಿ, 1907ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು.

ಅದೇ ವರ್ಷ ಉಕ್ಕಿನ ನಗರ ಪಿಟ್ಸ್‌ಬರ್ಗ್‌ನಲ್ಲಿ ಕಾರ್ಮಿಕರ ಬದುಕಿನ ಸಮೀಕ್ಷೆ ನಡೆಯುತ್ತಿತ್ತು. ಅಪಘಾತಗಳ ಭಾಗ ಕ್ರಿಸ್ಟಲ್ ಅವರ ಪಾಲಿಗೆ ಬಂತು. 1906ರ ಜುಲೈನಿಂದ 1907ರ ಜೂನ್‌ವರೆಗೆ ಆ ಒಂದೇ ಜಿಲ್ಲೆಯಲ್ಲಿ ಕೆಲಸದ ಮೇಲೆ ಸತ್ತವರು 526 ಜನ. ಉಕ್ಕಿನ ಕಾರ್ಖಾನೆಯವರು 195, ರೈಲ್ವೆಯವರು 125, ಗಣಿಯವರು 71, ಉಳಿದವರು ಬೇರೆ ಬೇರೆ ಕೆಲಸದವರು. ಅವರು ಸರ್ಕಾರಿ ದಾಖಲೆಯಿಂದ ಹೆಸರು ತೆಗೆದುಕೊಂಡು ಸುಮ್ಮನಾಗಲಿಲ್ಲ, ಸತ್ತವರ ಮನೆಗಳನ್ನು ಹುಡುಕಿಸಿದರು. ಸಂಬಳ ಎಷ್ಟಿತ್ತು, ಮಕ್ಕಳೆಷ್ಟು, ಕಂಪನಿ ಏನು ಕೊಟ್ಟಿತು, ಈಗ ಒಲೆ ಹೇಗೆ ಉರಿಯುತ್ತಿದೆ ಎಂದು ಕೇಳಿ ಬರೆದಿಟ್ಟರು. ಮದುವೆಯಾಗಿದ್ದವರ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಸಿಕ್ಕಿದ್ದು 100 ಡಾಲರು ಅಥವಾ ಅದಕ್ಕಿಂತ ಕಡಿಮೆ. ಕೆಲವರಿಗೆ ಅದೂ ಇಲ್ಲ.

ಕೋರ್ಟಿಗೆ ಹೋಗಬಹುದಿತ್ತಲ್ಲ ಎಂದು ನಾನೂ ಅಂದುಕೊಂಡೆ. ಹೋದರೂ ಅಲ್ಲಿ ಮಾಲೀಕನ ಕೈಯಲ್ಲಿ ಮೂರು ಗುರಾಣಿಗಳಿದ್ದವು. ನಿನ್ನ ಜೊತೆಗಾರನ ತಪ್ಪಿನಿಂದ ಅಪಘಾತವಾಗಿದೆ, ಅವನನ್ನು ಕೇಳು ಎನ್ನುವುದು ಒಂದು. ಅಪಾಯವಿದೆ ಎಂದು ಗೊತ್ತಿದ್ದೇ ಕೆಲಸಕ್ಕೆ ಸೇರಿದ್ದೀಯ ಎನ್ನುವುದು ಇನ್ನೊಂದು. ನಿನ್ನದೂ ಸ್ವಲ್ಪ ಅಜಾಗರೂಕತೆ ಇದೆ ಎನ್ನುವುದು ಮೂರನೆಯದು. ಆ ಸ್ವಲ್ಪ ಇದ್ದರೂ ಸಾಕು, ಪೂರ್ತಿ ಪರಿಹಾರ ಹೋಯಿತು. ಸುಡುವ ಕುಲುಮೆಯ ಮುಂದೆ ದಿನಕ್ಕೆ 12 ಗಂಟೆ ನಿಂತವನ ಎಚ್ಚರ ತಪ್ಪಿದರೆ ಅದನ್ನು ಅಜಾಗರೂಕತೆ ಎನ್ನಬೇಕೋ ದಣಿವು ಎನ್ನಬೇಕೋ? ಕ್ರಿಸ್ಟಲ್ ಅವರ ಕಡತಗಳು ತೋರಿಸಿದ್ದು ದಣಿವನ್ನು, ಗದ್ದಲವನ್ನು, ಮುಚ್ಚಳವಿಲ್ಲದ ಯಂತ್ರಗಳನ್ನು.

ಇದನ್ನು ಓದುವಾಗ ನನಗೆ ನಮ್ಮ ಮಾಮು ನೆನಪಾದರು. ಮರದ ಮಿಲ್ಲಿನ ಗರಗಸಕ್ಕೆ ಅವರ ಬಲಗೈಯ ಮೂರು ಬೆರಳು ಹೋದವು. ಮಾಲೀಕರು ಮೊದಲ ವಾರದ ಆಸ್ಪತ್ರೆ ಬಿಲ್ಲು ಕೊಟ್ಟು, ನೀನೇ ನೋಡಿಕೊಳ್ಳಬೇಕಿತ್ತಪ್ಪ ಎಂದು ಹೇಳಿ ಕಳಿಸಿದರು. ನಮ್ಮ ಮನೆಯಲ್ಲಿ ಅದೇ ಕೊನೆಯ ಮಾತು ಎಂದು ಎಲ್ಲರೂ ನಂಬಿದರು. ಭಾರತದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ 1923ರಲ್ಲೇ ಆಗಿ, 1924ರ ಜುಲೈ 1ರಿಂದ ಜಾರಿಗೆ ಬಂದಿತ್ತು. ಅದರ ಪಟ್ಟಿಯಲ್ಲಿ ಒಂದು ಕೈಯ ಮೂರು ಬೆರಳು ಹೋದರೆ ದುಡಿಯುವ ಶಕ್ತಿ ಶೇಕಡಾ 30 ಹೋಯಿತು ಎಂದು ಬರೆದೇ ಇತ್ತು. ಅರ್ಜಿ ಹಾಕಲು ಆಗ ಎರಡು ವರ್ಷದ ಗಡುವು ಇತ್ತು. ನನಗೆ ಇದು ತಿಳಿಯುವ ಹೊತ್ತಿಗೆ ಮಾಮು ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿತು ಆರು ವರ್ಷವಾಗಿತ್ತು.

ಕ್ರಿಸ್ಟಲ್ ಅವರ ಅಧ್ಯಯನ 1910ರಲ್ಲಿ ಪುಸ್ತಕವಾಯಿತು. ಅದಕ್ಕೆ ಮೊದಲೇ, 1909ರಲ್ಲಿ, ನ್ಯೂಯಾರ್ಕ್ ಗವರ್ನರ್ ಅವರನ್ನು ಈ ವಿಷಯದ ಆಯೋಗಕ್ಕೆ ನೇಮಿಸಿದ್ದರು. ಇಡೀ ಆಯೋಗದಲ್ಲಿ ಅವರೊಬ್ಬರೇ ಮಹಿಳೆ. ಯಂತ್ರ ಕೆಟ್ಟರೆ ರಿಪೇರಿಯ ಖರ್ಚು ಹೇಗೆ ಕಾರ್ಖಾನೆಯದೋ ಹಾಗೆಯೇ ಮನುಷ್ಯನಿಗೆ ಆದ ಗಾಯದ ಖರ್ಚೂ ಅದರದೇ, ತಪ್ಪು ಯಾರದೆಂದು ಹುಡುಕುತ್ತಾ ಕೂರಬೇಕಿಲ್ಲ ಎಂಬುದು ಅವರ ವಾದದ ತಿರುಳು. 1910ರಲ್ಲಿ, ಅಪಾಯಕಾರಿ ಕೆಲಸಗಳ ಮಟ್ಟಿಗೆ, ಅದು ಕಾನೂನಾಯಿತು.

ಕಾನೂನು ಬಹಳ ದಿನ ಬಾಳಲಿಲ್ಲ. ಕಾಲು ಉಳುಕಿಸಿಕೊಂಡ ಐವ್ಸ್ ಎಂಬ ರೈಲ್ವೆ ಕೆಲಸಗಾರನ ಮೊಕದ್ದಮೆಯಲ್ಲಿ ರಾಜ್ಯದ ಉನ್ನತ ನ್ಯಾಯಾಲಯ 1911ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿತು. ತಪ್ಪಿಲ್ಲದ ಮಾಲೀಕನಿಂದ ಹಣ ಕೊಡಿಸುವುದೆಂದರೆ ಅವನ ಆಸ್ತಿ ಕಿತ್ತುಕೊಂಡಂತೆ ಎಂದು ನ್ಯಾಯಾಧೀಶರ ಅಭಿಪ್ರಾಯ. ಮರುದಿನ, ಮಾರ್ಚ್ 25ರ ಶನಿವಾರ, ಅದೇ ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಒಂದು ಬಾಗಿಲಿಗೆ ಬೀಗ ಹಾಕಿತ್ತು. ಸತ್ತವರು 146 ಜನ, ಹೆಚ್ಚಿನವರು ನಮ್ಮ ವಯಸ್ಸಿನ, ಹೊರದೇಶದಿಂದ ಬಂದ ಹೆಣ್ಣುಮಕ್ಕಳು. ಮಾಲೀಕರು ಖುಲಾಸೆಯಾದರು. ಮೂರು ವರ್ಷದ ನಂತರ ಸಿವಿಲ್ ದಾವೆಗಳು ರಾಜಿಯಾದಾಗ ಒಂದು ಜೀವಕ್ಕೆ 75 ಡಾಲರು ಬಂತು.

1913ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿದರು. ಮುಂದಿನ ವರ್ಷ ಹೊಸ ಪರಿಹಾರ ಕಾನೂನು ಜಾರಿಯಾಯಿತು. 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅಷ್ಟರಲ್ಲಿ ಕ್ರಿಸ್ಟಲ್ ಬೇರೆ ಹೋರಾಟಗಳಿಗೆ ಇಳಿದಿದ್ದರು: ಮಹಿಳೆಯರ ಮತ, ಮೊದಲ ಮಹಾಯುದ್ಧದ ವಿರೋಧ, ಯುದ್ಧಕ್ಕೆ ಹೋಗಲೊಲ್ಲದವರ ರಕ್ಷಣೆ. ಇದರಿಂದ ಅವರಿಗೆ ಕೆಲಸ ಸಿಗುವುದೇ ಕಷ್ಟವಾಯಿತು. 1927ರಲ್ಲಿ ಪತಿ ತೀರಿಕೊಂಡರು. 1928ರ ಜುಲೈನಲ್ಲಿ, 47ನೇ ವಯಸ್ಸಿಗೆ, ಮೂತ್ರಪಿಂಡದ ಕಾಯಿಲೆಯಿಂದ ಕ್ರಿಸ್ಟಲ್ ಕೂಡ ಹೋದರು. ಅವರ ಇಬ್ಬರು ಮಕ್ಕಳನ್ನು ಸ್ನೇಹಿತರು ಸಾಕಿದರು.