ರೇಸ್ ಹುಚ್ಚಿನ ಹೂಡ್ರಿ ಮತ್ತು ಹೊಗೆ

ಪಿಕಪ್ ಜಾಸ್ತಿಯಾಗ್ಲಿ ಅಂತ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಬಿಚ್ಚಿಸೋ ಯೋಚನೆ ಇದ್ಯಾ? ಹಾಗಾದ್ರೆ ಮೊದಲು ಯೂಜೀನ್ ಹೂಡ್ರಿ ಕಥೆ ಕೇಳಿ.

1892ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಹೂಡ್ರಿ ಓದಿದ್ದು ಮೆಕ್ಯಾನಿಕಲ್. ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ಪಡೆಯಲ್ಲಿದ್ದು ಗಾಯಗೊಂಡರು. ಅವರಿಗೆ ಕಾರ್ ರೇಸಿನ ಹುಚ್ಚು. ರೇಸಿಗೆ ಒಳ್ಳೆ ಪೆಟ್ರೋಲ್ ಬೇಕಲ್ಲ! ವೇಗವರ್ಧಕ ಬಳಸಿ, ಭಾರದ ತೈಲ ಒಡೆದು ಹೆಚ್ಚು ಆಕ್ಟೇನಿನ ಪೆಟ್ರೋಲ್ ತೆಗೆಯುವ ವಿಧಾನ ಕಂಡುಹಿಡಿದರು. 1930ರಲ್ಲಿ ಅಮೆರಿಕಕ್ಕೆ ಹೋದರು; 1937ರಲ್ಲಿ ಸನ್ ಆಯಿಲ್ ಕಂಪನಿ ಇದರ ದೊಡ್ಡ ಘಟಕವನ್ನೇ ಶುರುಮಾಡಿತು.

ಮುಂದೆ ಲಾಸ್ ಏಂಜಲೀಸಿನ ಹೊಗೆಮಂಜು ಸುದ್ದಿಯಾದಾಗ, ಹೂಡ್ರಿ ವೇಗವರ್ಧಕವನ್ನು ಸೈಲೆನ್ಸರ್ ಪೈಪಿಗೆ ತಂದರು. ವಿಷದ ಕಾರ್ಬನ್ ಮಾನಾಕ್ಸೈಡ್ ಅಲ್ಲೇ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತೆ. 1956ರಲ್ಲಿ ಪೇಟೆಂಟ್ ಸಿಕ್ತು. ಆದ್ರೆ ಆಗಿನ ಪೆಟ್ರೋಲಿಗೆ ಬೆರೆಸ್ತಿದ್ದ ಸೀಸ ವೇಗವರ್ಧಕವನ್ನೇ ಕೆಡಿಸ್ತಿತ್ತು. 1962ರಲ್ಲಿ ಹೂಡ್ರಿ ತೀರಿಕೊಂಡರು. ಅಮೆರಿಕದ ಕಾರುಗಳಿಗೆ ಕನ್ವರ್ಟರ್ ಬಂದದ್ದು 1975ರ ಮಾಡೆಲ್‌ಗಳಲ್ಲಿ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈನ ಹೊಸ ಪೆಟ್ರೋಲ್ ಕಾರುಗಳಿಗೆ 1995ರಲ್ಲಿ.

ವೇಗದ ರುಚಿ ಗೊತ್ತಿದ್ದವರೇ ಮಾಡಿದ ಸಾಧನ ಇದು. ಬಿಚ್ಚಿದ್ರೆ ಚೂರು ಪಿಕಪ್ ನಮಗೆ, ವಿಷದ ಹೊಗೆ ಹಿಂದೆ ಬರೋ ಸ್ಕೂಟರಿನವರಿಗೆ. ಅದು ಇದ್ದಲ್ಲೇ ಇರ್ಲಿ ಬಿಡಿ.