ಕಿರುಗುಟ್ಟುವ ಸದ್ದಿಗೆ ಜರ್ಮನ್ ಪದ ಯಾವುದು? ಕಿಟೆಲ್ ಬದುಕಿನಲ್ಲಿದೆ ಉತ್ತರ

ದೇವರ ಹಿಪ್ಪರಗಿ ಕಡೆ ಹೊಲದಿಂದ ಜೋಳ ಹೇರಿಕೊಂಡು ಬರುವ ಎತ್ತಿನ ಗಾಡಿಗೆ ಕೀಲೆಣ್ಣೆ ಕಡಿಮೆಯಾದರೆ ಗಾಲಿ ‘ಕಿರ್ರ್’ ಎನ್ನುತ್ತದೆ. ಸದ್ದು ಎಲ್ಲ ದೇಶದಲ್ಲೂ ಒಂದೇ, ಹಾಗಾಗಿ ಅದರ ಹೆಸರೂ ಒಂದೇ ಇರಬೇಕು ಎಂದು ಹಲವರು ನಂಬುತ್ತಾರೆ. ಇದು ನಿಜವೇ? ನೋಡೋಣ.

ನಂಬಿಕೆ 1: ಸದ್ದಿನ ಪದ ಎಲ್ಲ ಭಾಷೆಯಲ್ಲೂ ಒಂದೇ

ತಪ್ಪು. ನಮ್ಮ ಕೋಳಿ ‘ಕೊಕ್ಕೊಕ್ಕೋ’ ಎಂದರೆ ಜರ್ಮನ್ ಕೋಳಿ ‘ಕಿಕೆರಿಕಿ’, ಇಂಗ್ಲಿಷ್ ಕೋಳಿ ‘ಕಾಕ್-ಎ-ಡೂಡಲ್-ಡೂ’ ಎನ್ನುತ್ತದೆ. ಪ್ರತಿ ಭಾಷೆಯೂ ಕೇಳಿದ ಸದ್ದನ್ನು ತನ್ನ ಅಕ್ಷರಗಳಿಗೆ ಹೊಂದಿಸಿಕೊಳ್ಳುತ್ತದೆ.

ಕರ್ಕಶ ಸದ್ದುಗಳಲ್ಲಿ ತೊಡಕು ಇನ್ನೂ ಹೆಚ್ಚು. ಇಂಗ್ಲಿಷಿನ ‘ಸ್ಕ್ರೀಚ್’ ಬ್ರೇಕಿಗೂ ಆಗುತ್ತದೆ, ಗಿಳಿಗೂ ಆಗುತ್ತದೆ. ಜರ್ಮನ್‌ನಲ್ಲಿ ಬ್ರೇಕಿನ ಸದ್ದಿಗೆ ಸಾಮಾನ್ಯವಾಗಿ ‘ಕ್ವೀಚನ್’, ಗಿಳಿಯ ಕೂಗಿಗೆ ‘ಕ್ರೈಶನ್’, ಹಲ್ಲು ಕಡಿಯುವುದಕ್ಕೆ ‘ಕ್ನಿರ್ಶನ್’, ಹಳೆಯ ಮರದ ಮೆಟ್ಟಿಲಿಗೆ ‘ಕ್ನಾರನ್’. ನಮ್ಮಲ್ಲೂ ಹಾಗೆಯೇ: ಬಾಗಿಲು ಕಿರುಗುಟ್ಟುತ್ತದೆ, ಮನುಷ್ಯ ಕಿರುಚುತ್ತಾನೆ, ಹಲ್ಲು ಕಟಕಟ ಎನ್ನುತ್ತದೆ.

ಈ ತೊಡಕನ್ನು ಬದುಕಿನುದ್ದಕ್ಕೂ ಎದುರಿಸಿದವರು ಫರ್ಡಿನೆಂಡ್ ಕಿಟೆಲ್.

ಯಾರು ಈ ಕಿಟೆಲ್?

1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದ ಕಿಟೆಲ್, 1853ರಲ್ಲಿ ಬಾಸೆಲ್ ಮಿಷನ್ ಪಾದ್ರಿಯಾಗಿ ಭಾರತಕ್ಕೆ ಬಂದರು. ಧಾರವಾಡ ಸೀಮೆಯಲ್ಲಿ ಕನ್ನಡ ಕಲಿತರು. ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲೂ ಕೆಲಸ ಮಾಡಿದರು. ಧರ್ಮಪ್ರಚಾರಕ್ಕೆ ಬಂದವರನ್ನು ಭಾಷೆಯೇ ಹಿಡಿದುಕೊಂಡಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಪ್ರಕಟಿಸಿದರು.

1877ರಲ್ಲಿ ಜರ್ಮನಿಗೆ ಮರಳಿದರೂ ಕೆಲಸ ಮುಗಿದಿರಲಿಲ್ಲ. ನಿಘಂಟಿಗಾಗಿ ಮತ್ತೆ ಇಲ್ಲಿಗೆ ಬಂದರು. ಕನ್ನಡ ಪಂಡಿತರ ನೆರವಿನಿಂದ ಗ್ರಂಥಗಳ ಪದಗಳ ಜೊತೆಗೆ ಜನರ ಬಾಯಲ್ಲಿದ್ದ ಮಾತು, ಗಾದೆಗಳನ್ನೂ ಕೂಡಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು: ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ.

ಇಲ್ಲಿ ಗಮನಿಸಬೇಕಾದ್ದು, ಕನ್ನಡವಾಗಲಿ ಇಂಗ್ಲಿಷಾಗಲಿ ಅವರ ತಾಯ್ನುಡಿಯಲ್ಲ. ಎರಡೂ ಕಲಿತ ಭಾಷೆಗಳೇ. ‘ಕಟಕಟ’, ‘ಗಡಗಡ’ದಂಥ ಪದಗಳಿಗೆ ಇಂಗ್ಲಿಷಿನಲ್ಲಿ ಜೋಡಿ ಪದ ಸಿಗುವುದು ಕಷ್ಟ. ಅದಕ್ಕೆ ಅವರು, ಇದು ಸದ್ದಿನ ಅನುಕರಣೆ ಎಂದು ಗುರುತಿಸಿ, ಯಾವುದರ ಸದ್ದು ಎಂಬುದನ್ನು ವಿವರಿಸುವ ದಾರಿ ಹಿಡಿದರು. ನಮ್ಮ ವ್ಯಾಕರಣ ಇಂಥ ಪದಗಳನ್ನು ಅನುಕರಣಾವ್ಯಯ ಎನ್ನುತ್ತದೆ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಬಂತು. ಅದೇ ವರ್ಷ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ನಂಬಿಕೆ 2: ಕನ್ನಡದ ಮೊದಲ ನಿಘಂಟು ಕಿಟೆಲ್ ಅವರದು

ಇದೂ ತಪ್ಪು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1832ರಲ್ಲಿ, ಅಂದರೆ ಕಿಟೆಲ್ ಹುಟ್ಟಿದ ವರ್ಷ. ಹಳಗನ್ನಡದಲ್ಲಿ ರನ್ನನ ಹೆಸರಿನ ‘ರನ್ನಕಂದ’ವೂ ಇದೆ. ಕಿಟೆಲ್ ನಿಘಂಟಿನ ಹಿರಿಮೆ ಮೊದಲನೆಯದು ಎಂಬುದರಲ್ಲಿಲ್ಲ, ಅದರ ಹರಹು ಮತ್ತು ಎಚ್ಚರದಲ್ಲಿದೆ.

ಕರ್ಕಶ ಸದ್ದು ಕಿವಿಗೆ ಚುಚ್ಚುವುದೇಕೆ?

ನಮ್ಮ ಕಿವಿ ಸುಮಾರು 2,000ರಿಂದ 5,000 ಹರ್ಟ್ಜ್ ನಡುವಿನ ಸದ್ದಿಗೆ ಹೆಚ್ಚು ಸೂಕ್ಷ್ಮ. ಕಿರುಚಾಟ, ಬ್ರೇಕಿನ ಕಿರಿಚು, ಹಲಗೆಯ ಮೇಲೆ ಉಗುರು ಗೀರಿದ ಸದ್ದಿನ ಬಹುಪಾಲು ಈ ವಲಯಕ್ಕೆ ಬೀಳುತ್ತದೆ. ಕಿವಿ ಎಲ್ಲರದೂ ಒಂದೇ ಬಗೆಯದು. ಹೆಸರು ಮಾತ್ರ ಬೇರೆ.

ನಮಗೇನು ಉಪಯೋಗ?

ಕನ್ನಡ ಬಾರದ ವೈದ್ಯರ ಮುಂದೆ ಫೋನಿನ ಅನುವಾದ ನಂಬಿ ‘ಎದೆ ಸುಂಯ್ ಅನ್ನುತ್ತದೆ’ ಎಂದರೆ ಅರ್ಥ ಕೆಡಬಹುದು. ಸುಂಯ್ ಎಂದು ಸೀಟಿಯಂತೆ ಬಂದರೆ ಉಸಿರಿನ ನಾಳ ಕಿರಿದಾಗಿರಬಹುದು. ಗೊರಗೊರ ಎಂದರೆ ಕಫ ಕಟ್ಟಿರಬಹುದು. ಕಿಟೆಲ್ ದಾರಿ ಹಿಡಿಯೋಣ: ಸದ್ದಿನ ಪದವೊಂದನ್ನೇ ಹೇಳಿ ಬಿಡದೆ, ಎಲ್ಲಿ, ಯಾವಾಗ, ಯಾವುದರಂತೆ ಕೇಳುತ್ತದೆ ಎಂದು ಬಿಡಿಸಿ ಹೇಳೋಣ.