ಕೊರಳಲ್ಲಿ ಜಪಸರ, ಕಾಲಲ್ಲಿ ಜೋಡಿಲ್ಲ: ಸಂತ ಜೋಸೆಫ್ ವಾಜ್



ನಾಲತವಾಡದ ಆಚೀಚೆ ಎರಡೋ ಮೂರೋ ಕಥೋಲಿಕ ಮನೆಗಳಿರುವ ಒಂದು ಹಳ್ಳಿಯಲ್ಲಿ ನೀವು ವಾಸವಾಗಿದ್ದೀರಿ ಎಂದುಕೊಳ್ಳಿ. ಬಲಿಪೂಜೆಗೆ ಗುರುಗಳು ದೂರದಿಂದ ಬರಬೇಕು. ಅವರಿಗೆ ಬರಲಾಗದಿದ್ದರೆ ಆ ಭಾನುವಾರ ಹಾಗೆಯೇ ಕಳೆದುಹೋಗುತ್ತದೆ. ಸುಗ್ಗಿ ಮುಗಿದರೆ ಮನೆಯ ದುಡಿಯುವ ಮಂದಿ ಗೋವೆಗೋ ಮಂಗಳೂರಿಗೋ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಇಂಥ ಊರಿನಲ್ಲಿ ಧರ್ಮಕೇಂದ್ರವೆಂಬುದು ಇದೆಯೇ? ಗುರುಗಳ ಮನೆ ಇಲ್ಲ, ಗಂಟೆಗೋಪುರ ಇಲ್ಲ. ಹಾಗಾದರೆ ವಿಶ್ವಾಸವನ್ನು ಹಿಡಿದು ನಿಲ್ಲಿಸುವುದು ಯಾವುದು?

ಈ ಪ್ರಶ್ನೆಗೆ ಒಬ್ಬ ಗುರುಗಳು ಮುನ್ನೂರು ವರ್ಷಗಳ ಹಿಂದೆಯೇ ತಮ್ಮ ಬದುಕಿನಿಂದ ಉತ್ತರ ಕೊಟ್ಟಿದ್ದಾರೆ. ಅವರು ನಮ್ಮ ಕನ್ನಡ ಕರಾವಳಿಯಲ್ಲಿ ನಡೆದಾಡಿದವರು, ಶ್ರೀಲಂಕೆಯ ಕಾಡುಹಾದಿಗಳಲ್ಲಿ ಸವೆದವರು. ಅವರೇ ಸಂತ ಜೋಸೆಫ್ ವಾಜ್.

ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ತಂದೆಯ ಊರು ಸಾಂಕ್ವಾಳ. ನಮ್ಮ ಜಿಲ್ಲೆಯಿಂದ ದುಡಿಯಲು ಹೋದವರಿಗೆ ಜುವಾರಿನಗರದ ಹೆಸರು ಚೆನ್ನಾಗಿ ಗೊತ್ತು. ಅದು ಇರುವುದು ಇದೇ ಸಾಂಕ್ವಾಳದ ಸೀಮೆಯಲ್ಲಿ. ನಿಮ್ಮ ಮಗನೋ ಅಳಿಯನೋ ಅಲ್ಲಿ ಇಟ್ಟಿಗೆ ಹೊರುತ್ತಿದ್ದರೆ, ಒಬ್ಬ ಸಂತರ ಊರಿನ ಮಣ್ಣಿನಲ್ಲೇ ಬೆವರು ಸುರಿಸುತ್ತಿದ್ದಾನೆಂದು ತಿಳಿಯಿರಿ.

ಹಳೇ ಗೋವೆಯಲ್ಲಿ ಓದು ಮುಗಿಸಿದ ಜೋಸೆಫ್ ಅವರಿಗೆ 1676ರಲ್ಲಿ ಗುರುದೀಕ್ಷೆಯಾಯಿತು. ಬಡವರಂತೆ ಬಾಳಬೇಕೆಂದು ಅವರು ಅಂದಿನಿಂದ ಬರಿಗಾಲಲ್ಲಿ ನಡೆಯತೊಡಗಿದರು. ಮರುವರ್ಷ, 1677ರ ಆಗಸ್ಟ್ 5ರಂದು, ತಮ್ಮನ್ನು ಮಾತೆ ಮರಿಯಮ್ಮನವರ ಗುಲಾಮನೆಂದು ಬರೆದು ಅರ್ಪಿಸಿಕೊಂಡರು. ಮುಂದೆ ಅವರಿಗೆ ಸಿಕ್ಕ ಅಧಿಕಾರವನ್ನೂ ಅವಮಾನವನ್ನೂ ಅವರು ಆ ಬರಹದ ಬೆಳಕಿನಲ್ಲೇ ಕಂಡರು.

ಶ್ರೀಲಂಕೆಗೆ ಹೋಗಬೇಕೆಂಬುದು ಅವರ ಆಸೆ. ಆದರೆ 1681ರಲ್ಲಿ ಮೇಲಿನವರು ಅವರನ್ನು ಕಳುಹಿಸಿದ್ದು ಕನ್ನಡ ಜಿಲ್ಲೆಯ ಕರಾವಳಿಗೆ. ಶಿವಪ್ಪ ನಾಯಕ ಪೋರ್ಚುಗೀಸರನ್ನು ಅಲ್ಲಿನ ಕೋಟೆಗಳಿಂದ ಹೊರಗಟ್ಟಿ ಆಗಲೇ ಸುಮಾರು ಮೂವತ್ತು ವರ್ಷಗಳಾಗಿದ್ದವು. ಕೆಳದಿಯ ಗದ್ದುಗೆಯಲ್ಲಿ ರಾಣಿ ಚೆನ್ನಮ್ಮಾಜಿ ಇದ್ದರು. ಗುರುಗಳ ಕೊರತೆಯಿಂದ ಕ್ರೈಸ್ತರ ಮನೆಗಳು ಸೊರಗಿದ್ದವು, ಅದರ ಜೊತೆಗೆ ಒಡಕೂ ಇತ್ತು. ಈ ನಾಡಿನ ಸಭೆಯನ್ನು ನಡೆಸುವ ಹಕ್ಕು ಪೋರ್ಚುಗಲ್ ದೊರೆಯ ಪೋಷಣೆಯಲ್ಲಿದ್ದ ಗೋವೆಗೆ ಸೇರಿದ್ದೆಂದು ಕೆಲವರು ವಾದಿಸಿದರೆ, ರೋಮ್ ನೇರವಾಗಿ ಕಳುಹಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರಿಗೆ ಸೇರಿದ್ದೆಂದು ಇನ್ನು ಕೆಲವರು ವಾದಿಸುತ್ತಿದ್ದರು. ದೊಡ್ಡವರ ಈ ತಕರಾರಿನಲ್ಲಿ ನೊಂದವರು ಸಾಮಾನ್ಯ ವಿಶ್ವಾಸಿಗಳು. ಯಾರ ಕೈಯಿಂದ ಸಂಸ್ಕಾರ ಪಡೆಯಬೇಕೆಂಬುದೇ ಅವರಿಗೆ ತಿಳಿಯದಾಗಿತ್ತು.

ಫಾದರ್ ವಾಜ್ ಗೋವೆಯ ಪರವಾಗಿ ಬಂದವರು. ಆದರೂ ಅವರು ಜಗಳಕ್ಕೆ ಎಣ್ಣೆ ಹೊಯ್ಯಲಿಲ್ಲ. ಧರ್ಮಾಧ್ಯಕ್ಷರಿಗೆ ಸಲ್ಲಬೇಕಾದ ಗೌರವವನ್ನು ಕಡಿಮೆ ಮಾಡಲಿಲ್ಲ. ಮಂಗಳೂರು, ಬಸ್ರೂರು, ಗಂಗೊಳ್ಳಿಯ ಕಡೆಗಳಲ್ಲಿ ಸುತ್ತಾಡಿ ಪಾಪನಿವೇದನೆ ಕೇಳಿದರು, ರೋಗಿಗಳ ಬಳಿ ಕುಳಿತರು, ಮಕ್ಕಳಿಗೆ ಅಕ್ಷರವನ್ನೂ ಜಪವನ್ನೂ ಕಲಿಸುವ ಶಾಲೆಗಳನ್ನು ತೆರೆದರು. ಮಂಗಳೂರಿನ ಸಮೀಪದ ಮುಡಿಪುವಿನ ಗುಡ್ಡದಲ್ಲಿ ಅವರು ಮೊಣಕಾಲೂರಿದ ಬಂಡೆಯಿಂದ ನೀರು ಚಿಮ್ಮಿತೆಂದು ಅಲ್ಲಿನ ಜನ ನಂಬುತ್ತಾರೆ. ಇಂದಿಗೂ ಅಲ್ಲಿಗೆ ಭಕ್ತರು ಹೋಗುತ್ತಾರೆ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಗೋವೆಯವರೇ ಆದ ಗುರುಗಳ ಒಂದು ಸಣ್ಣ ಬಳಗವನ್ನು ಸೇರಿದರು. ಸಂತ ಫಿಲಿಪ್ ನೇರಿಯವರ ಒರಟರಿ ಸಭೆಯ ಮಾದರಿಯಲ್ಲಿ ಬೆಳೆದ ಆ ಬಳಗಕ್ಕೆ ಅವರೇ ಮುಖ್ಯಸ್ಥರಾದರು. ಆದರೆ ಶ್ರೀಲಂಕೆಯ ಕರೆ ಅವರನ್ನು ಬಿಡಲಿಲ್ಲ. 1686ರಲ್ಲಿ ಆ ಸ್ಥಾನವನ್ನು ಬಿಟ್ಟು ಹೊರಟರು.

ಅಲ್ಲಿನ ಸ್ಥಿತಿ ಏನಿತ್ತು ಗೊತ್ತೇ? 1658ರ ಹೊತ್ತಿಗೆ ಡಚ್ಚರು ಆ ದ್ವೀಪದ ಕರಾವಳಿಯನ್ನು ಗೆದ್ದಿದ್ದರು. ಕಥೋಲಿಕ ಗುರುಗಳನ್ನು ಹೊರಹಾಕಿ ಪೂಜೆಯನ್ನು ನಿಷೇಧಿಸಿದ್ದರು. ಜನ ಸುಮಾರು ಮೂವತ್ತು ವರ್ಷ ಗುರುಗಳಿಲ್ಲದೆ ಇದ್ದರು. ಅಷ್ಟು ವರ್ಷಗಳಲ್ಲಿ ಮಗುವಾಗಿದ್ದವನು ತಂದೆಯಾಗುತ್ತಾನೆ, ತಂದೆಯಾಗಿದ್ದವನು ಮಣ್ಣು ಸೇರುತ್ತಾನೆ.

ಫಾದರ್ ವಾಜ್ ನಿಲುವಂಗಿ ಬಿಚ್ಚಿ ಕೂಲಿಯಾಳಿನಂತೆ ಬಟ್ಟೆ ತೊಟ್ಟರು. ಅವರ ಮನೆಯ ಸೇವಕ ಜಾನ್ ಕೊನೆಯವರೆಗೂ ಜೊತೆಗಿದ್ದ. 1687ರಲ್ಲಿ ಇಬ್ಬರೂ ಯಾಳ್ಪಾಣ, ಅಂದರೆ ಜಾಫ್ನಾ ಸೀಮೆಯನ್ನು ಮುಟ್ಟಿದಾಗ ಭೇದಿಯಿಂದ ಬಸವಳಿದಿದ್ದರು. ಯಾರೋ ಕರುಣೆಯಿಂದ ಕೊಟ್ಟ ಗಂಜಿಯೇ ಅವರ ಜೀವ ಉಳಿಸಿತು. ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಹುಡುಕುವುದು ಹೇಗೆ? ಯಾರನ್ನಾದರೂ ಕೇಳಿದರೆ ಸೆರೆಮನೆ ಖಂಡಿತ. ಅವರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅನ್ನ ನೀಡುವ ಕೈಗಿಂತ ಜಪಸರವನ್ನು ಗುರುತಿಸುವ ಕಣ್ಣಿಗಾಗಿ ಅವರು ಕಾದರು. ಕೊನೆಗೆ ಒಂದು ಮನೆ ಗುರುತಿಸಿತು. ಅಲ್ಲಿಂದ ಇನ್ನೊಂದು ಮನೆ, ಮತ್ತೊಂದು ಮನೆ. ರಾತ್ರಿಯಲ್ಲಿ ಬಾಗಿಲು ಮುಚ್ಚಿ ಬಲಿಪೂಜೆ ಆರಂಭವಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲಿ, ಓದುಗರೇ. ಆ ಜಪಸರವನ್ನು ಗುರುತಿಸಿದ್ದು ಹೇಗೆ? ಆ ಮನೆಯಲ್ಲಿ ಯಾವಳೋ ತಾಯಿ, ಯಾವಳೋ ಅಜ್ಜಿ ಗುರುಗಳಿಲ್ಲದ ವರ್ಷಗಳಲ್ಲೂ ಅದನ್ನು ಕೈಯಲ್ಲಿ ಹಿಡಿದಿದ್ದಳು. ಮನೆಯ ಪ್ರಾರ್ಥನೆ ನಿಂತುಹೋಗಿದ್ದರೆ ಸಂತರು ಬಂದರೂ ಆ ಬಾಗಿಲು ತೆರೆಯುತ್ತಿರಲಿಲ್ಲ.

1692ರಲ್ಲಿ ಅವರು ದ್ವೀಪದ ನಡುವಿನ ಕ್ಯಾಂಡಿ ರಾಜ್ಯಕ್ಕೆ ಹೋದರು. ಪೋರ್ಚುಗೀಸರ ಗೂಢಚಾರನೆಂದು ಅವರನ್ನು ಸೆರೆಹಿಡಿಯಲಾಯಿತು. ಸೆರೆಯಲ್ಲಿದ್ದುಕೊಂಡೇ ಸಿಂಹಳ ಕಲಿತರು, ಗುಡಿಸಲಿನಂಥ ಪೂಜಾಸ್ಥಳ ಕಟ್ಟಿಕೊಂಡರು, ಬಂದವರಿಗೆ ಸಂಸ್ಕಾರ ಕೊಟ್ಟರು. ಒಮ್ಮೆ ಬರಗಾಲದಲ್ಲಿ ಬೌದ್ಧ ಧರ್ಮದ ದೊರೆ ಎರಡನೇ ವಿಮಲಧರ್ಮಸೂರ್ಯ ಪ್ರಾರ್ಥಿಸಲು ಕೇಳಿದಾಗ ಅವರು ಬಯಲಲ್ಲಿ ಶಿಲುಬೆ ನಿಲ್ಲಿಸಿ ಮೊಣಕಾಲೂರಿದರು, ಮಳೆ ಸುರಿಯಿತು ಎಂಬುದು ಅಲ್ಲಿನ ಸಭೆ ಕಾಪಾಡಿಕೊಂಡು ಬಂದ ನೆನಪು. ದೊರೆಯ ಮನಸ್ಸು ಕರಗಿತು. ಅವರಿಗೆ ಓಡಾಡುವ ಸ್ವಾತಂತ್ರ್ಯ ಸಿಕ್ಕಿತು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಉಳ್ಳವರು ಊರು ಬಿಟ್ಟರು. ಮನೆಯವರೇ ರೋಗಿಗಳನ್ನು ತೊರೆದರು. ಫಾದರ್ ವಾಜ್ ಮತ್ತು ಗೋವೆಯಿಂದ ಬಂದಿದ್ದ ಅವರ ಸಂಬಂಧಿ ಫಾದರ್ ಜೋಸೆಫ್ ಕರ್ವಾಲ್ಯೊ ಊರಲ್ಲೇ ಉಳಿದರು. ಗಾಯ ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಮಣ್ಣು ಮಾಡಿದರು. ರೋಗಿಯ ಜಾತಿ, ಮತ ಕೇಳಲಿಲ್ಲ. ಬಸವಣ್ಣನವರ ಬಾಗೇವಾಡಿಯ ಮಗ್ಗುಲಲ್ಲಿರುವ ನಮಗೆ ಕಾಯಕ, ದಾಸೋಹ ಎಂಬ ಮಾತುಗಳು ಹೊಸವಲ್ಲ. ಈ ಸಂತರ ಬದುಕಿನಲ್ಲಿ ಅವೆರಡನ್ನೂ ನೀವು ಕಾಣಬಹುದು.

ಆದರೂ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಪವಾಡವನ್ನಲ್ಲ, ಅವರು ಬಿಟ್ಟುಹೋದ ಏರ್ಪಾಟನ್ನು. ಇಡೀ ದ್ವೀಪಕ್ಕೆ ಕೆಲವೇ ಗುರುಗಳು. ಒಂದು ಊರಿಗೆ ಹೋದವರು ಮತ್ತೆ ಅಲ್ಲಿಗೆ ಬರುವುದು ಎಂದೋ. ಅದಕ್ಕಾಗಿ ಅವರು ಊರೂರಿನಲ್ಲಿ ಶ್ರೀಸಾಮಾನ್ಯರಿಂದಲೇ ಹಿರಿಯರನ್ನು ಆರಿಸಿದರು. ಸಭೆಯನ್ನು ನೋಡಿಕೊಳ್ಳುವ ಹಿರಿಯನಿಗೆ ಮೂಪ್ಪು ಎಂದೂ, ಪ್ರಾರ್ಥನೆ ಮತ್ತು ಧರ್ಮೋಪದೇಶ ನಡೆಸುವವನಿಗೆ ಅಣ್ಣಾವಿ ಎಂದೂ ಹೆಸರು. ಗುರುಗಳು ಬರದ ಭಾನುವಾರ ಇವರು ಜನರನ್ನು ಕೂಡಿಸುತ್ತಿದ್ದರು, ಮಕ್ಕಳಿಗೆ ಜಪ ಕಲಿಸುತ್ತಿದ್ದರು, ಸಾಯುವವರ ಬಳಿ ಪ್ರಾರ್ಥಿಸುತ್ತಿದ್ದರು. 1705ರಲ್ಲಿ ಬಂದು ಸೇರಿದ ಫಾದರ್ ಜಾಕೊಮೆ ಗೊನ್ಸಾಲ್ವೆಸ್ ಸಿಂಹಳ ಮತ್ತು ತಮಿಳಿನಲ್ಲಿ ಪುಸ್ತಕಗಳನ್ನು ಬರೆದು ಇವರ ಕೈಗೆ ಕೊಟ್ಟರು.

ಇದು ಬಲಿಪೂಜೆಗೆ ಬದಲಿಯಾಗಿರಲಿಲ್ಲ. ಪರಮಪ್ರಸಾದದ ಹಸಿವು ಆರದಂತೆ ಕಾಯುವ ಕೆಲಸವಾಗಿತ್ತು. ಹಸಿವಿದ್ದ ಕಡೆ ಗುರುಗಳು ಬಂದ ದಿನ ಹಬ್ಬ. ಹಸಿವಿಲ್ಲದ ಕಡೆ ಗುರುಗಳು ದಿನವೂ ಬಂದರೂ ಪೀಠದ ಮುಂದೆ ಖಾಲಿ ಜಾಗವೇ.

ಧರ್ಮಾಧ್ಯಕ್ಷರಾಗುವ ಅವಕಾಶ ಬಂದಾಗ ಅವರು ಒಪ್ಪಲಿಲ್ಲ. ಗೋವೆಗೆ ಮತ್ತೆ ಮರಳಲಿಲ್ಲ. 1711ರ ಜನವರಿ 16ರಂದು, ತಮ್ಮ 59ನೇ ವಯಸ್ಸಿನಲ್ಲಿ, ಕ್ಯಾಂಡಿಯಲ್ಲಿ ಕಣ್ಣುಮುಚ್ಚಿದರು. ಜಗದ್ಗುರು ಎರಡನೇ ಜಾನ್ ಪಾಲ್ 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. ಅದೇ ಕೊಲಂಬೊದಲ್ಲಿ 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್ ಅವರನ್ನು ಸಂತರ ಸಾಲಿಗೆ ಸೇರಿಸಿದರು. ಪ್ರತಿ ಜನವರಿ 16 ಅವರ ಹಬ್ಬ.

ಇದೆಲ್ಲ ದೂರದ ಕಥೆ ಎನಿಸಿದರೆ ಕೃಷ್ಣೆಯಾಚೆಯ ಮುದಗಲ್ಲನ್ನು ನೋಡಿ. ಅಲ್ಲಿನ ಕಥೋಲಿಕ ಸಮುದಾಯ ಬಿಜಾಪುರದ ಆದಿಲಶಾಹಿಗಳ ಕಾಲದ್ದು, 16ನೇ ಶತಮಾನದ್ದು. ಆದಿಲಶಾಹಿ ಹೋಯಿತು, ಮೊಗಲರು ಹೋದರು, ನಿಜಾಮರು ಹೋದರು. ಆ ಸಮುದಾಯ ಉಳಿದಿದೆ. ಕೋಟೆಯ ಕಲ್ಲು ಉಳಿಸದ್ದನ್ನು ತಾಯಂದಿರು ಮಕ್ಕಳಿಗೆ ಹೇಳಿಕೊಟ್ಟ ಜಪ ಉಳಿಸಿತು.

ಹಾಗಾದರೆ ನೀವೇನು ಮಾಡಬೇಕು? ಸಂಜೆ ರೊಟ್ಟಿ ಬಡಿದು ಮುಗಿದ ಮೇಲೆ, ಟಿ.ವಿ. ಮತ್ತು ಮೊಬೈಲನ್ನು ಹತ್ತು ನಿಮಿಷ ಬದಿಗಿಟ್ಟು, ಮನೆಯವರೆಲ್ಲ ಒಟ್ಟಿಗೆ ಕುಳಿತು ಜಪಸರದ ಒಂದು ರಹಸ್ಯವನ್ನಾದರೂ ಹೇಳಿ. ಅಕ್ಕಪಕ್ಕದ ಎರಡು ಮನೆಗಳಿದ್ದರೆ ಭಾನುವಾರ ಒಂದೆಡೆ ಸೇರಿ. ಅಕ್ಷರ ಬಲ್ಲ ಮಗಳು ಶುಭಸಂದೇಶ ಓದಲಿ, ಅಜ್ಜ ಪ್ರಾರ್ಥನೆ ಮುನ್ನಡೆಸಲಿ. ದುಡಿಯಲು ಹೊರಟ ಮಗನ ಚೀಲದಲ್ಲಿ ಬುತ್ತಿಯ ಜೊತೆ ಒಂದು ಜಪಸರ ಇರಲಿ, ಹೋದ ಊರಿನ ಗುರುಗಳನ್ನು ಕಾಣುವಂತೆ ಅವನಿಗೆ ಹೇಳಿ. ಒಬ್ಬರು ಕಾಯಿಲೆ ಬಿದ್ದರೆ ಗುರುಗಳಿಗೆ ಸುದ್ದಿ ಮುಟ್ಟಿಸುವವರು ಯಾರೆಂದು ಇಂದೇ ಗೊತ್ತುಮಾಡಿ.

ಗುರುಗಳು ಬರುತ್ತಾರೆ, ಹೋಗುತ್ತಾರೆ, ವರ್ಗವೂ ಆಗುತ್ತಾರೆ. ಬರಿಗಾಲಿನ ಆ ಸಂತರಂಥವರು ನಾಳೆ ನಿಮ್ಮ ಓಣಿಗೆ ಬಂದರೆ, ಅವರ ಕೊರಳಿನ ಜಪಸರವನ್ನು ಗುರುತಿಸುವವರು ನಿಮ್ಮ ಮನೆಯಲ್ಲಿ ಇರಬೇಕು.